ಕುರ್ತಕೋಟಿಯವರ ಒಂದು ದೂರು

ಹೋದ ವರ್ಷ ನನ್ನ ಪಿಎಚ್.ಡಿ. ಪ್ರಗತಿ ಪರಿಶೀಲನೆಯ ದಿನ ಸಮಿತಿಯಲ್ಲಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ಕನ್ನಡ ನಾಟಕ ವಿಮರ್ಶೆ ಅಂತ ವಿಷಯ ತಗೊಂಡಿದ್ದೀಯಲ್ಲಮ್ಮ. ನಾಟಕಕಾರರಿದ್ದಾರೆ, ನಿರ್ದೇಶಕರಿದ್ದಾರೆ, ನಟರಿದ್ದಾರೆ, ಸರಿ. ನಾಟಕ ವಿಮರ್ಶಕರು ಅಂತ ಒಬ್ಬರ ಹೆಸರು ಹೇಳು ನೋಡೋಣ."

ನಾನು ಕೀರ್ತಿನಾಥ ಕುರ್ತಕೋಟಿ ಎಂದೆ. "ಅವರು ಸಾಹಿತ್ಯ ವಿಮರ್ಶಕರು, ಬೇಂದ್ರೆಯವರನ್ನ ಓದೋದು ಹೇಗೆ ಅಂತ ನಮಗೆ ಕಲಿಸಿದವರು. ಬೇರೆ ಹೇಳು." ಶ್ರೀರಂಗರ ಹೆಸರು ಹೇಳಿದೆ. "ಅವರು ನಾಟಕಕಾರರು." ಕೆ. ಮರುಳಸಿದ್ದಪ್ಪ ಎಂದೆ. "ಅವರು ಮೇಷ್ಟ್ರು." ಕೆ.ವಿ. ಸುಬ್ಬಣ್ಣ ಎಂದೆ. "ಅವರು ನೀನಾಸಂ ಕಟ್ಟಿದವರು." ಅವರೇನೂ ನನ್ನನ್ನು ಸಿಕ್ಕಿಸಬೇಕೆಂದು ಕೇಳುತ್ತಿರಲಿಲ್ಲ. ಕಡೆಗೆ ನಕ್ಕು, "ಯೋಚನೆ ಮಾಡು, ಅದೇ ನಿನ್ನ ಮೊದಲನೇ ಅಧ್ಯಾಯ" ಎಂದರು.

ಅಂದು ಜ್ಞಾನಭಾರತಿ ಮೆಟ್ರೊ ನಿಲ್ದಾಣದಲ್ಲಿ ಇಳಿದು ಉಲ್ಲಾಳಕ್ಕೆ ಹೋಗುವ ಆಟೊ ಹತ್ತಿದಾಗಲೂ ಆ ಪ್ರಶ್ನೆ ನನ್ನ ಜೊತೆಗೇ ಬಂತು. (ನಾನು ಉಲ್ಲಾಳ ಎಂದರೆ ಅರ್ಧ ಜನ ಸಮುದ್ರ, ರಾಣಿ ಅಬ್ಬಕ್ಕ ಎಂದು ಶುರು ಮಾಡುತ್ತಾರೆ. ನಮ್ಮದು ಬೆಂಗಳೂರಿನ ಪಶ್ಚಿಮದ ಉಲ್ಲಾಳ. ಸಮುದ್ರವಿಲ್ಲ, ಕೆರೆ ಇದೆ.) ನಮ್ಮ ಮನೆಯಿಂದ ಮಲ್ಲತ್ತಹಳ್ಳಿಯ ಕಲಾಗ್ರಾಮ ಹತ್ತಿರ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಅಲ್ಲಿಯೇ ಇದೆ. ಜಿ.ಎಸ್. ಶಿವರುದ್ರಪ್ಪ, ಯು.ಆರ್. ಅನಂತಮೂರ್ತಿ, ಸಿದ್ಧಲಿಂಗಯ್ಯ ಅವರ ಅಂತ್ಯಸಂಸ್ಕಾರ ನಡೆದದ್ದೂ ಅದೇ ಆವರಣದಲ್ಲಿ. ನಾಟಕ ನೋಡಲು ಹೋಗುವಾಗಲೆಲ್ಲ ಮೂವರು ಬರಹಗಾರರನ್ನು ಹಾದು ಹೋದ ಹಾಗಾಗುತ್ತದೆ. ಅವರು ಬರೆದದ್ದು ಪುಸ್ತಕದಂಗಡಿಯಲ್ಲಿ ಸಿಗುತ್ತದೆ. ಅಲ್ಲೇ ಹತ್ತು ಹೆಜ್ಜೆ ಆಚೆ ರಂಗದ ಮೇಲೆ ನಿನ್ನೆ ರಾತ್ರಿ ನಡೆದದ್ದು ಎಲ್ಲಿ ಸಿಗುತ್ತದೆ? ನನ್ನ ಸಂಶೋಧನೆ ಇರುವುದು ಈ ಪ್ರಶ್ನೆಯ ಸುತ್ತ. ಅದಕ್ಕೆ ಉತ್ತರ ಹುಡುಕುತ್ತ ಮತ್ತೆ ಮತ್ತೆ ಕುರ್ತಕೋಟಿಯವರ ಹತ್ತಿರವೇ ಹೋಗಿ ನಿಲ್ಲುತ್ತೇನೆ. ಯಾಕೆ ಎಂದು ಹೇಳುವುದು ಈ ಬರಹದ ಉದ್ದೇಶ.

ಕುರ್ತಕೋಟಿ 1928ರಲ್ಲಿ ಗದಗಿನಲ್ಲಿ ಹುಟ್ಟಿದರು. ಬದುಕಿನ ಬಹುಭಾಗ ಗುಜರಾತಿನಲ್ಲಿ ಇಂಗ್ಲಿಷ್ ಪಾಠ ಹೇಳಿ, ಆಮೇಲೆ ಧಾರವಾಡಕ್ಕೆ ಮರಳಿ, 2003ರಲ್ಲಿ ತೀರಿಕೊಂಡರು. 'ಉರಿಯ ನಾಲಗೆ'ಗೆ 1995ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬೇಂದ್ರೆ ಕಾವ್ಯದ ಓದಿಗೆ 'ಭೃಂಗದ ಬೆನ್ನೇರಿ' ಇಂದಿಗೂ ಬೇಕು. ಅವರು 'ಆ ಮನಿ'ಯಂಥ ನಾಟಕ ಬರೆದವರು ಎನ್ನುವುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ನನ್ನ ಮಟ್ಟಿಗೆ ಅವರ ವೃತ್ತಾಂತ ಶುರುವಾಗುವುದು ಒಂದು ಸಮೀಕ್ಷೆಯಿಂದ.

ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದ ಪ್ರಕಾಶನ. ಅದನ್ನು ನಡೆಸಿದವರು ಜಿ.ಬಿ. ಜೋಶಿ. ನಾಟಕಕಾರರಾಗಿ ಅವರೇ 'ಜಡಭರತ'. ಗ್ರಂಥಮಾಲೆಗೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ 'ನಡೆದು ಬಂದ ದಾರಿ' ಎಂಬ ಸಂಪುಟಗಳು ಬಂದವು. ಆ ಯೋಜನೆಗೆ ಹೆಗಲು ಕೊಟ್ಟವರು ಕುರ್ತಕೋಟಿ. ಹೊಸಗನ್ನಡ ಸಾಹಿತ್ಯ ಎಲ್ಲಿಂದ ಎಲ್ಲಿಗೆ ಬಂದಿದೆ ಎಂದು ಅವರು ಅಲ್ಲಿ ಮಾಡಿದ ವಿಮರ್ಶೆ 1962ರಲ್ಲಿ 'ಯುಗಧರ್ಮ ಹಾಗೂ ಸಾಹಿತ್ಯ ದರ್ಶನ' ಎಂದು ಬೇರೆ ಪುಸ್ತಕವಾಯಿತು. ಆಗ ಅವರಿಗೆ ಮೂವತ್ತನಾಲ್ಕು ವರ್ಷ. ನನಗಿಂತ ಐದಾರು ವರ್ಷ ದೊಡ್ಡವರು, ಅಷ್ಟೇ. ಅಷ್ಟು ವಯಸ್ಸಿಗೆ ಇಡೀ ಹೊಸಗನ್ನಡ ಸಾಹಿತ್ಯವನ್ನು ಎದುರಿಗೆ ಕೂರಿಸಿಕೊಂಡು, ಇದು ಇದೆ, ಇದು ಇಲ್ಲ ಎಂದು ಹೇಳಿದ್ದರು.

ಇಲ್ಲ ಎಂದು ಅವರು ಹೇಳಿದ್ದರಲ್ಲಿ ಒಂದು ಮಾತು ಐತಿಹಾಸಿಕ ನಾಟಕದ ಬಗ್ಗೆ. ಕನ್ನಡದಲ್ಲಿ ಚರಿತ್ರೆಯ ನಾಟಕಗಳು ಇರಲಿಲ್ಲವೆಂದಲ್ಲ. ಕಂಪನಿಗಳು ಕಿರೀಟ, ಕತ್ತಿ, ದರ್ಬಾರುಗಳ ನಾಟಕ ಆಡುತ್ತಲೇ ಇದ್ದವು. ಸಂಸರು ಮೈಸೂರು ಅರಸರ ಮೇಲೆ 'ವಿಗಡ ವಿಕ್ರಮರಾಯ'ದಂಥ ನಾಟಕಗಳನ್ನು ಬರೆದು 1939ರಲ್ಲೇ ತೀರಿಹೋಗಿದ್ದರು. ಕುರ್ತಕೋಟಿಯವರ ದೂರು ಬೇರೆಯದು. ಬರ್ನಾರ್ಡ್ ಷಾ 'ಸೇಂಟ್ ಜೋನ್'ನಲ್ಲಿ ಮಾಡಿದಂತೆ, ಹಿಂದಿನ ಕಾಲವನ್ನು ಇಂದಿನ ಪ್ರಶ್ನೆಯಾಗಿ ನೋಡುವ ನಾಟಕ ನಮ್ಮಲ್ಲಿಲ್ಲ ಎಂಬುದು ಅದರ ತಿರುಳು.

ಈ ದೂರನ್ನು ಓದಿದವರಲ್ಲಿ ಒಬ್ಬರು ಗಿರೀಶ ಕಾರ್ನಾಡ. ಆಗಷ್ಟೇ, 1961ರಲ್ಲಿ, ಇದೇ ಗ್ರಂಥಮಾಲೆಯಿಂದ ಅವರ ಮೊದಲ ನಾಟಕ 'ಯಯಾತಿ' ಬಂದಿತ್ತು. 1960ರಿಂದ 63ರವರೆಗೆ ಅವರು ಆಕ್ಸ್‌ಫರ್ಡಿನಲ್ಲಿದ್ದರು. ಕುರ್ತಕೋಟಿಯವರ ಆ ಮಾತೇ ತಮ್ಮನ್ನು ಚರಿತ್ರೆಯ ಪುಸ್ತಕಗಳತ್ತ ತಿರುಗಿಸಿತು, ಈಶ್ವರಿ ಪ್ರಸಾದರ ಇತಿಹಾಸ ಓದುತ್ತ ಹೋದಾಗ ಮುಹಮ್ಮದ್ ಬಿನ್ ತುಘಲಕ್ ಸಿಕ್ಕಿದ ಎಂದು ಕಾರ್ನಾಡರೇ ಮುಂದೆ ಹೇಳಿಕೊಂಡಿದ್ದಾರೆ. 'ತುಘಲಕ್' 1964ರಲ್ಲಿ ಪ್ರಕಟವಾಯಿತು. ನೆಹರೂ ತೀರಿಕೊಂಡದ್ದೂ ಅದೇ ವರ್ಷ. 1327ರ ಸುಮಾರಿಗೆ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಒಯ್ದ, ತಾಮ್ರಕ್ಕೆ ಬೆಳ್ಳಿಯ ಬೆಲೆ ಕೊಡಹೊರಟ ಸುಲ್ತಾನನಲ್ಲಿ ಓದುಗರು ತಮ್ಮ ಕಾಲದ ಕನಸು, ತಮ್ಮ ಕಾಲದ ಸೋಲುಗಳನ್ನು ಕಂಡರು. ಆಮೇಲಿನದು ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲಿ ಸಿ.ಆರ್. ಸಿಂಹ, ಮುಂಬಯಿಯಲ್ಲಿ 1970ರಲ್ಲಿ ಅಲೀಕ್ ಪದಮ್‌ಸೀ ಅವರ ಇಂಗ್ಲಿಷ್ ಪ್ರಯೋಗ, ದೆಹಲಿಯ ಪುರಾನಾ ಕಿಲಾದಲ್ಲಿ ಇಬ್ರಾಹಿಂ ಅಲ್ಕಾಜಿ. ಕನ್ನಡದ ಒಂದು ನಾಟಕ ದೇಶದ ನಾಟಕವಾಯಿತು.

ಒಬ್ಬ ವಿಮರ್ಶಕನ ಪ್ರಭಾವ ಎಂದರೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ಭಾಷೆಯಲ್ಲಿ ನನಗೆ ಸಿಕ್ಕಿಲ್ಲ. ಇಂಗ್ಲೆಂಡಿನಲ್ಲಿ ಕೆನೆತ್ ಟೈನನ್ 1956ರಲ್ಲಿ 'ಅಬ್ಸರ್ವರ್' ಪತ್ರಿಕೆಯಲ್ಲಿ ಜಾನ್ ಆಸ್ಬಾರ್ನನ 'ಲುಕ್ ಬ್ಯಾಕ್ ಇನ್ ಆ್ಯಂಗರ್' ನಾಟಕವನ್ನು ಎತ್ತಿ ಹಿಡಿದದ್ದು ಅಲ್ಲಿಯ ರಂಗಭೂಮಿಯ ಚರಿತ್ರೆಯಲ್ಲಿ ದೊಡ್ಡ ಘಟನೆ. ಆದರೆ ಟೈನನ್ ಹೊಗಳಿದ್ದು ಆಗಲೇ ರಂಗದ ಮೇಲಿದ್ದ ನಾಟಕವನ್ನು. ಕುರ್ತಕೋಟಿ ಮಾತಾಡಿದ್ದು ಇನ್ನೂ ಇಲ್ಲದ ನಾಟಕದ ಬಗ್ಗೆ. ಇರುವುದನ್ನು ನೋಡಿ ಬೆಲೆ ಕಟ್ಟುವವರು ಎಲ್ಲ ಭಾಷೆಯಲ್ಲೂ ಇದ್ದಾರೆ. ಇಲ್ಲದ್ದನ್ನು ಹೆಸರಿಟ್ಟು ಹೇಳಬೇಕಾದರೆ ಇರುವುದನ್ನೆಲ್ಲ ಓದಿರಬೇಕು. ಜೊತೆಗೆ, ನಿಮ್ಮಲ್ಲಿ ಇದಿಲ್ಲ ಎಂದು ಬದುಕಿರುವ ಬರಹಗಾರರ ಮುಂದೆ ಹೇಳುವ ಧೈರ್ಯವೂ ಇರಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ಕುರ್ತಕೋಟಿಯವರ ಭಾವಚಿತ್ರಕ್ಕೆ ಹಾರ ಹಾಕಿದಂತಾಗುತ್ತದೆ. ಸಮಿತಿಯ ಹಿರಿಯರ ಪ್ರಶ್ನೆ ಹಾಗೇ ಉಳಿಯುತ್ತದೆ. ಅವರು ನಾಟಕ ವಿಮರ್ಶಕರೋ ಅಥವಾ ನಾಟಕವನ್ನೂ ಓದಿದ ಸಾಹಿತ್ಯ ವಿಮರ್ಶಕರೋ?

'ತುಘಲಕ್'ನ ಇನ್ನೊಂದು ಕತೆಯಿದೆ. ಅದನ್ನೂ ಕಾರ್ನಾಡರೇ ಹೇಳಿದ್ದಾರೆ. ಚಿಕ್ಕಂದಿನಲ್ಲಿ ಶಿರಸಿಯಲ್ಲಿ ಅವರು ಕಂಪನಿ ನಾಟಕ ನೋಡಿ ಬೆಳೆದವರು. ಕಂಪನಿ ನಾಟಕದಲ್ಲಿ ಎರಡು ಬಗೆಯ ದೃಶ್ಯಗಳಿರುತ್ತಿದ್ದವು. ಅರಮನೆ, ದರ್ಬಾರು ಎಂದರೆ ಪೂರ್ತಿ ರಂಗ. ಅದು ಮುಗಿದೊಡನೆ ಮುಂದೆ ಬೀದಿಯ ಚಿತ್ರದ ಪರದೆ ಇಳಿಯುತ್ತದೆ. ಪರದೆಯ ಮುಂದಿನ ಕಿರಿದಾದ ಜಾಗದಲ್ಲಿ ಹಾಸ್ಯದವರು ಜನರನ್ನು ನಗಿಸುತ್ತಾರೆ. ಹಿಂದೆ ಆಳುಗಳು ಮುಂದಿನ ಅರಮನೆ ಜೋಡಿಸುತ್ತಾರೆ. ಕಾರ್ನಾಡರು 'ತುಘಲಕ್' ಕಟ್ಟಿದ್ದು ಈ ಏರ್ಪಾಡಿನ ಮೇಲೆ. ಆದರೆ ಪರದೆಯ ಮುಂದೆಯೇ ಇರಬೇಕಾಗಿದ್ದ ಅಗಸ ಅಜೀಜ್ ಬರೆಯುತ್ತ ಬರೆಯುತ್ತ ಬೆಳೆದ. ಕಡೆಗೆ ಸುಲ್ತಾನನ ಎದುರಿಗೇ ಬಂದು ನಿಂತ. ಬೀದಿಯ ಹಾಸ್ಯಗಾರ ದರ್ಬಾರಿನ ಒಳಕ್ಕೆ ಕಾಲಿಟ್ಟ ಆ ಗಳಿಗೆಯಲ್ಲಿ ನಾಟಕದ ರಾಜಕೀಯವೆಲ್ಲ ಇದೆ.

ಇದು ಷಾನಿಂದ ಬಂದದ್ದಲ್ಲ. ಮಂಡಿಸಿದ ವಾದದಿಂದ ಬಂದದ್ದೂ ಅಲ್ಲ. ಹಗ್ಗ ಎಳೆದರೆ ಇಳಿಯುವ ಒಂದು ಬಣ್ಣದ ಪರದೆಯಿಂದ ಬಂದದ್ದು. ಕುರ್ತಕೋಟಿಯವರ ದೂರು ನಾಟಕಕ್ಕೆ ಪ್ರಶ್ನೆಯನ್ನು ಕೊಟ್ಟಿತು, ಕಂಪನಿ ನಾಟಕ ಮೈಯನ್ನು ಕೊಟ್ಟಿತು. ನಾವು ವಿಮರ್ಶೆಯೆಂದು ಬೆಳೆಸಿಕೊಂಡು ಬಂದ ಬರವಣಿಗೆ ಮೊದಲನೆಯದನ್ನು ಚೆನ್ನಾಗಿ ಕಾಣುತ್ತದೆ. ಎರಡನೆಯದು ಅದರ ಕಣ್ಣಿಗೆ ಬೀಳುವುದು ಕಷ್ಟ. ಯಾಕೆಂದರೆ ಪುಸ್ತಕದಲ್ಲಿ ಪರದೆ ಇರುವುದಿಲ್ಲ.

ಇನ್ನೊಂದು ಉದಾಹರಣೆ ಅಟ್ಟದ ಒಳಗಿನದೇ. ಜಡಭರತರ 'ಸತ್ತವರ ನೆರಳು' ನಾಟಕವನ್ನು ಬಿ.ವಿ. ಕಾರಂತರು ಬೆನಕ ತಂಡಕ್ಕೆ ಆಡಿಸಿದರು. ಮಠದ ರಾಜಕೀಯದ ಕತೆಯಲ್ಲಿ ಪುರಂದರದಾಸರ ಕೀರ್ತನೆಗಳನ್ನು ಕಾರಂತರು ಹೇಗೆ ಬಳಸಿದರು ಎಂಬುದನ್ನು ನೋಡಿದವರು ಇಂದಿಗೂ ಮರೆತಿಲ್ಲ. ಪುಸ್ತಕ ತೆರೆದು ಓದಿದರೆ ಆ ನಾಟಕ ಯಾಕೆ ಅಷ್ಟು ಜನರನ್ನು ಹಿಡಿದಿಟ್ಟಿತು ಎಂಬುದು ಪೂರ್ತಿ ತಿಳಿಯುವುದಿಲ್ಲ. ಅದು ಕಾರಂತರ ಹಾರ್ಮೋನಿಯಮ್ಮಿನಲ್ಲಿ ಇತ್ತು. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಅವರು ಆಡಿಸಿದ 'ಈಡಿಪಸ್', 'ಸಂಕ್ರಾಂತಿ', 'ಜೋಕುಮಾರಸ್ವಾಮಿ'ಗಳ ವಿಷಯವೂ ಹಾಗೆಯೇ. ಲಂಕೇಶ್ ಮತ್ತು ಕಂಬಾರರ ಪಠ್ಯಗಳ ಮೇಲೆ ಎಷ್ಟು ಬೇಕೋ ಅಷ್ಟು ವಿಮರ್ಶೆ ಇದೆ. ಆ ರಾತ್ರಿಗಳ ಮೇಲೆ ಬರೆದದ್ದನ್ನು ಹುಡುಕಲು ಹೋದರೆ ನಮ್ಮಂಥವರು ಪತ್ರಿಕೆಗಳ ಹಳೆಯ ಬೈಂಡುಗಳಲ್ಲಿ ಧೂಳು ಕುಡಿಯಬೇಕು.

ನಮ್ಮ ಬೀದಿಯಲ್ಲಿ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರಿದ್ದಾರೆ. ಹರೆಯದಲ್ಲಿ ಹವ್ಯಾಸಿ ತಂಡದಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದವರು. ನನ್ನ ವಿಷಯ ಗೊತ್ತಾದ ಮೇಲೆ ಕಂಡಾಗಲೆಲ್ಲ ಕರೆದು ಕಾಫಿ ಕೊಡಿಸಿ ಹಳೆಯ ನಾಟಕಗಳ ಸುದ್ದಿ ಹೇಳುತ್ತಾರೆ. ಒಂದು ಸಂಜೆ ಕೇಳಿದೆ: "ಅಂಕಲ್, ಸಿಂಹ ಅವರ ತುಘಲಕ್ ನೋಡಿದ್ರಲ್ಲ, ಹೇಗಿತ್ತು?"

"ಅಯ್ಯೋ, ಏನು ಕೇಳ್ತೀಯಮ್ಮ!" ಎಂದು ಬೆತ್ತದ ಕುರ್ಚಿಯಿಂದ ಎದ್ದು ನಿಂತರು. ಬಲಗೈ ಎತ್ತಿದರು. ಬಾಯಿ ತೆರೆದರು. ಹಾಗೇ ಒಂದು ಗಳಿಗೆ ನಿಂತರು. ಮಾತು ಬರಲಿಲ್ಲ. ಕೈ ಇಳಿಸಿ ಕೂತು, "ಹೇಳಕ್ಕಾಗಲ್ಲ ಕಣಮ್ಮ, ನೋಡ್ಬೇಕಿತ್ತು" ಎಂದರು.

ಕನ್ನಡ ರಂಗಭೂಮಿಯ ದಾಖಲೆ ಕೇಳಿಕೊಂಡು ನಾನು ಹೋದಲ್ಲೆಲ್ಲ ಈ ಮಾತು ಸಿಕ್ಕಿದೆ. ಸಾಗರದಲ್ಲಿ, ಧಾರವಾಡದಲ್ಲಿ, ಹನುಮಂತನಗರದಲ್ಲಿ. ನೋಡ್ಬೇಕಿತ್ತು. ಅದು ಹೊಗಳಿಕೆ ಹೌದು. ನನ್ನಂಥ, ಆಮೇಲೆ ಹುಟ್ಟಿದವಳ ಪಾಲಿಗೆ ಬಾಗಿಲು ಹಾಕಿದ ಸದ್ದೂ ಹೌದು. ನೋಡಿದವರು ನೋಡದವರಿಗೆ ತೋರಿಸುವುದೇ ನಾಟಕ ವಿಮರ್ಶಕನ ಮೊದಲ ಕೆಲಸ ಎಂದು ನಾನು ನಂಬಿದ್ದೇನೆ. ಈ ಅಳತೆಗೆ ಕುರ್ತಕೋಟಿಯವರು ಸಿಗುವುದಿಲ್ಲ. ಅವರ ವೃತ್ತಿಯ ಬಹುಕಾಲ ಕಳೆದದ್ದು ಕನ್ನಡ ರಂಗಗಳಿಂದ ನೂರಾರು ಮೈಲಿ ದೂರದಲ್ಲಿ. ಅವರಿಗೆ ನಾಟಕ ಸಿಕ್ಕಿದ್ದು ಹೆಚ್ಚಾಗಿ ಹಸ್ತಪ್ರತಿಯಾಗಿ, ಪುಸ್ತಕವಾಗಿ. ಅವರ ಹಿಂದೆ ಬಂದ ವಿಶ್ವವಿದ್ಯಾಲಯದ ವಿಮರ್ಶೆಯೂ ಅದೇ ದಾರಿ ಹಿಡಿಯಿತು. ನಾಟಕವನ್ನು ಕಾದಂಬರಿಯ ಪಕ್ಕದಲ್ಲಿಟ್ಟು ಓದಿತು. ಅವರ ಪ್ರಭಾವದ ಈ ಮುಖವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲಿಯವರೆಗೆ ಬರೆದು ನನ್ನ ಅಧ್ಯಾಯಕ್ಕೆ ಒಂದು ಗತ್ತಿನ ಕೊನೆ ಸಿಕ್ಕಿತು ಎಂದುಕೊಂಡಿದ್ದೆ. ಪತ್ರಿಕೆಗಳ ರಂಗವಿಮರ್ಶೆಯ ಮೇಲೆ ಒಂದು ಭಾಗವನ್ನೂ ಬರೆದು ಮುಗಿಸಿದ್ದೆ. ನೂರಕ್ಕೆ ಹತ್ತಿರ ವಿಮರ್ಶೆಗಳನ್ನು ಸಾಲಾಗಿ ಓದಿದ ಮೇಲೆ ಅವುಗಳ ಅಚ್ಚು ಕಣ್ಣಿಗೆ ಕಟ್ಟಿತ್ತು. ಮೊದಲ ಮೂರು ಪ್ಯಾರಾ ಕತೆ. ನಾಲ್ಕನೆಯದರಲ್ಲಿ ಇಂಥವರು ಇಂಥ ಪಾತ್ರದಲ್ಲಿ ಗಮನ ಸೆಳೆದರು, ಇಂಥವರು ಪಾತ್ರಕ್ಕೆ ಜೀವ ತುಂಬಿದರು. ಕೊನೆಗೆ, ಬೆಳಕು ಮತ್ತು ಸಂಗೀತ ಪೂರಕವಾಗಿದ್ದವು. ಯಾವ ಬೆಳಕು, ಯಾವುದಕ್ಕೆ ಪೂರಕ, ಇಂಥದ್ದೆಲ್ಲ ಕೇಳಬಾರದು. ನಾನು ಈ ಅಚ್ಚನ್ನು ಗೇಲಿ ಮಾಡಿ ಎರಡು ಪುಟ ಬರೆದಿದ್ದೆ. ಬರೆಯುವಾಗ ಖುಷಿಯೂ ಆಗಿತ್ತು.

ಆಮೇಲೆ ಒಂದು ದಿನ, ಆರು ವರ್ಷದ ಹಿಂದೆ ಗೆಳತಿಯೊಬ್ಬಳು ನಿರ್ದೇಶಿಸಿದ್ದ ನಾಟಕದ ವಿವರ ಪ್ರಬಂಧಕ್ಕೆ ಬೇಕಾಯಿತು. ಸಣ್ಣ ತಂಡ, ಮೂರೇ ಪ್ರದರ್ಶನ, ವಿಡಿಯೊ ಮಾಡಿರಲಿಲ್ಲ. ಅದರ ಒಂದು ದೃಶ್ಯದಲ್ಲಿ ಅವಳು ಪ್ರೇಕ್ಷಕರ ನಡುವಿನಿಂದ ನಟರನ್ನು ತಂದಿದ್ದಳು ಎಂಬ ಮಸುಕು ನೆನಪು. ಎಲ್ಲಿಂದ ತಂದಳು, ಅವರ ಕೈಯಲ್ಲಿ ಏನಿತ್ತು, ಆಗ ರಂಗದ ಮೇಲೆ ಯಾರಿದ್ದರು, ಒಂದೂ ನೆನಪಾಗಲಿಲ್ಲ. ಆ ನಾಟಕಕ್ಕೆ ಬಂದಿದ್ದ ಒಂದೇ ಒಂದು ವಿಮರ್ಶೆ ನೆನಪಾಯಿತು. ಹುಡುಕಿ ತೆಗೆದೆ. ಅದನ್ನು ಬರೆದವಳು ನಾನೇ.

ಮೂರು ಪ್ಯಾರಾ ಕತೆ. ಇಬ್ಬರು ಗಮನ ಸೆಳೆದಿದ್ದರು. ಒಬ್ಬರು ಪಾತ್ರಕ್ಕೆ ಜೀವ ತುಂಬಿದ್ದರು. ಬೆಳಕು ಮತ್ತು ಸಂಗೀತ ಪೂರಕವಾಗಿದ್ದವು.

ಆ ರಾತ್ರಿ ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ನಾಟಕದ ಅರ್ಧಕ್ಕಿಂತ ಹೆಚ್ಚು ನನಗೆ ಹಿಡಿಸಿರಲಿಲ್ಲ. ಎರಡನೇ ಭಾಗದಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ನಿಶ್ಶಬ್ದ ಬೇಕಾದಲ್ಲಿ ಹಿನ್ನೆಲೆಯ ಹಾಡು ಬಂದು ಎಲ್ಲವನ್ನೂ ಹಾಳು ಮಾಡಿತ್ತು. ಬಸ್ ಸ್ಟಾಪಿನಲ್ಲಿ ಗೆಳತಿ ಕೈ ಹಿಡಿದು, "ಎರಡು ಒಳ್ಳೆ ಮಾತು ಬರಿಯೇ, ಹುಡುಗರು ಎಷ್ಟು ಕಷ್ಟಪಟ್ಟಿದ್ದಾರೆ ಗೊತ್ತಾ" ಎಂದಿದ್ದಳು. ಬರೆದೆ. ಅದು ಸ್ನೇಹ ಎಂದುಕೊಂಡಿದ್ದೆ. ಆರು ವರ್ಷದ ಮೇಲೆ ಓದಿದಾಗ ಗೊತ್ತಾದದ್ದು ಬೇರೆ. ನಾನು ದೋಷವನ್ನಷ್ಟೇ ಮುಚ್ಚಿಟ್ಟಿರಲಿಲ್ಲ. ದೋಷ ಹೇಳುವಂತಿಲ್ಲ ಎಂದಮೇಲೆ ಕಣ್ಣು ತೆರೆದು ನೋಡಿದ್ದನ್ನೂ ಬರೆಯುವಂತಿರಲಿಲ್ಲ. ಹೀಗಾಗಿ ಆ ಒಳ್ಳೆಯ ದೃಶ್ಯವೂ ನನ್ನ ಬರಹದಲ್ಲಿ ಉಳಿಯಲಿಲ್ಲ. ಅವಳು ಮಾಡಿದ ಒಂದು ಅಪರೂಪದ ಕೆಲಸಕ್ಕೆ ನಾನೊಬ್ಬಳೇ ಬರೆಯಬಲ್ಲ ಸಾಕ್ಷಿಯಾಗಿದ್ದೆ. ಪೂರಕವಾಗಿತ್ತು ಎಂದು ಸಹಿ ಹಾಕಿ ಮನೆಗೆ ಬಂದಿದ್ದೆ.

ಇದಾದ ಮೇಲೆ ಕುರ್ತಕೋಟಿಯವರನ್ನು ಮತ್ತೆ ಓದಿದೆ. ಈ ಸಲ ಬೇರೆ ಪ್ರಶ್ನೆ ಇತ್ತು. ಅವರಿಗೂ ಎಲ್ಲರೂ ಗೆಳೆಯರೇ ಅಲ್ಲವೇ? ಅವರು ಗ್ರಂಥಮಾಲೆಯ ಆಪ್ತರು, ಸಲಹೆಗಾರರು. ಜಿ.ಬಿ. ಜೋಶಿಯವರು ಪ್ರಕಾಶಕರೂ ಹೌದು, ನಾಟಕಕಾರರೂ ಹೌದು. ಕಾರ್ನಾಡರು ಅದೇ ಪ್ರಕಾಶನದ ಲೇಖಕ. 'ಹಯವದನ'ದ ಇಂಗ್ಲಿಷ್ ಅವತರಣಿಕೆ 1975ರಲ್ಲಿ ಬಂದಾಗ ಅದಕ್ಕೆ ಪ್ರಸ್ತಾವನೆ ಬರೆದವರೂ ಕುರ್ತಕೋಟಿಯವರೇ. ಇಂದಿನ ಲೆಕ್ಕದಲ್ಲಿ ನೋಡಿದರೆ ಇದೆಲ್ಲ ಒಂದೇ ಗುಂಪಿನ ಒಳಗಿನ ವ್ಯವಹಾರ. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಧಾರವಾಡದ ವರ್ತುಲದ ಹೊರಗಿದ್ದ ನಾಟಕಗಳಿಗೆ ಇಂಥ ಓದುಗರು ಸಿಕ್ಕಿದರೇ ಎಂದು ಕೇಳುವ ಹಕ್ಕು ನಮಗಿದೆ.

ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಗೆಳೆಯರ ಬೆಳ್ಳಿಹಬ್ಬದ ಸಂಪುಟಕ್ಕೆ ಬರೆಯುವಾಗಲೂ ಅವರು ಇಲ್ಲದ್ದನ್ನು ಇಲ್ಲ ಎಂದರು. ಸಂಭ್ರಮದ ಹೊತ್ತಿಗೆ, ಗ್ರಂಥಮಾಲೆ ಸಾಧಿಸಿದ್ದು ಇಷ್ಟು ಎಂದು ಎಣಿಸಿ ಕೈಮುಗಿದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಕೊರತೆಯ ಪಟ್ಟಿ ಕೊಟ್ಟರು. ಅದರಲ್ಲಿ ಒಂದನ್ನು ಅದೇ ಮನೆಯ ಇಪ್ಪತ್ತೈದರ ಹುಡುಗ ಸವಾಲೆಂದು ಎತ್ತಿಕೊಂಡ. ನಾನು ಗೆಳತಿಗೆ ಕೊಟ್ಟ ಹೊಗಳಿಕೆಯಿಂದ ಅವಳಿಗೆ ಒಂದು ದಿನದ ಸಂತೋಷ ಸಿಕ್ಕಿತು. ಕುರ್ತಕೋಟಿಯವರ ದೂರಿನಿಂದ ಕಾರ್ನಾಡರಿಗೆ ಮಾಡಲು ಒಂದು ಕೆಲಸ ಸಿಕ್ಕಿತು.

ಗ್ರಂಥಮಾಲೆಯ ಕಚೇರಿ ಇರುವುದು ಧಾರವಾಡದ ಸುಭಾಷ್ ರಸ್ತೆಯಲ್ಲಿ, ಅಂಗಡಿಗಳ ಮೇಲೆ. ಸಾಹಿತ್ಯದವರು ಅದನ್ನು 'ಅಟ್ಟ' ಎಂದೇ ಕರೆಯುತ್ತಾರೆ. ಹಿಂದಿನ ಚಳಿಗಾಲದಲ್ಲಿ ಅಲ್ಲಿಗೆ ಹೋಗಿದ್ದೆ. ಕೆಳಗೆ ಪೇಟೆಯ ಗದ್ದಲ, ಮೇಲೆ ಪುಸ್ತಕಗಳು. ಅಲ್ಲಿ ನಿಂತಾಗ ನನಗೆ ಅನಿಸಿದ್ದು ಇಷ್ಟು. ಕುರ್ತಕೋಟಿಯವರ ಮಾತು ಫಲ ಕೊಟ್ಟದ್ದು ಅವರ ಬುದ್ಧಿಯಿಂದ ಮಾತ್ರವಲ್ಲ, ಈ ಜಾಗದಿಂದ. ಬರೆಯುವವರು, ಅಚ್ಚು ಹಾಕುವವರು, ಓದಿ ತಪ್ಪು ಹೇಳುವವರು ದಿನವೂ ಒಂದೇ ಕೋಣೆಯಲ್ಲಿ ಚಹಾ ಕುಡಿಯುವಾಗ ದೂರು ಅವಮಾನವಾಗುವುದಿಲ್ಲ, ಮುಂದಿನ ಮಾತಿಗೆ ದಾರಿಯಾಗುತ್ತದೆ. ಕುರ್ತಕೋಟಿ ಗುಜರಾತಿನಲ್ಲಿದ್ದೂ ಈ ಅಟ್ಟದ ನಂಟು ಬಿಡಲಿಲ್ಲ. ದೂರವಿದ್ದದ್ದು ಅವರಿಗೆ ನಿಷ್ಠುರವಾಗಲು ಅನುಕೂಲವಾಗಿರಬೇಕು. ನಂಟಿದ್ದದ್ದರಿಂದ ಆ ನಿಷ್ಠುರವನ್ನು ಜನ ಕೇಳಿಸಿಕೊಂಡರು.

ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ಇನ್ನೊಂದು ಬಗೆಯ ಅಟ್ಟ ಕಟ್ಟಿದರು. ನೀನಾಸಂ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಮರುದಿನ ಬೆಳಿಗ್ಗೆ ಎಲ್ಲರೂ ಕೂತು ಮಾತಾಡುವ ರೂಢಿ ಇದೆ. ನಿರ್ದೇಶಕರು ಎದುರಿಗೇ ಇರುತ್ತಾರೆ. ನಾನು ಶಿಬಿರಕ್ಕೆ ಹೋದ ವರ್ಷ ಶಾಲಾ ಮೇಷ್ಟ್ರೊಬ್ಬರು ಎದ್ದು, ಆ ಪಾತ್ರ ಬಾಗಿಲಿಗೆ ಬೆನ್ನು ಮಾಡಿ ನಿಂತದ್ದು ಯಾಕೆ ಎಂದು ಕೇಳಿದ್ದರು. ಅರ್ಧ ಗಂಟೆ ಚರ್ಚೆ ಆ ಒಂದು ಬೆನ್ನಿನ ಮೇಲೆ ನಡೆಯಿತು. ನಾನು ಓದಿದ ನೂರು ಪತ್ರಿಕಾ ವಿಮರ್ಶೆಗಳಲ್ಲಿ ಸಿಗದ ನೋಟ ಆ ಮೇಷ್ಟ್ರಲ್ಲಿತ್ತು. ಅದೂ ಗಾಳಿಗೆ ಹೋಯಿತು. ಯಾರೂ ಬರೆದಿಟ್ಟುಕೊಳ್ಳಲಿಲ್ಲ, ನಾನೂ ಸಹ.

ಬೆಂಗಳೂರಿನಲ್ಲಿ ರಂಗಮಂದಿರಗಳಿಗೆ ಬರವಿಲ್ಲ. ರವೀಂದ್ರ ಕಲಾಕ್ಷೇತ್ರ 1963ರಿಂದ ಇದೆ, ರಂಗಶಂಕರ 2004ರಿಂದ ಇದೆ, ನಮ್ಮ ಪಕ್ಕದಲ್ಲೇ ಕಲಾಗ್ರಾಮವಿದೆ. ಇಲ್ಲದಿರುವುದು ಅಟ್ಟ. ನಾಟಕ ಮುಗಿದು ದೀಪ ಬಂದೊಡನೆ ಎಲ್ಲರೂ ಫೋನು ತೆಗೆದು ಕ್ಯಾಬ್ ಹುಡುಕುತ್ತಾರೆ. ಕೊನೆಯ ಮೆಟ್ರೊ ತಪ್ಪಿದರೆ ಮನೆ ಸೇರುವುದು ಕಷ್ಟ, ಯಾರನ್ನೂ ದೂರುವಂತಿಲ್ಲ. ಹೊರಡುವ ಮೊದಲು ನಟರ ಕೈ ಕುಲುಕಿ, "ಚೆನ್ನಾಗಿತ್ತು" ಎನ್ನುತ್ತೇವೆ. ರಾತ್ರಿ ವಾಟ್ಸ್ಯಾಪಿನಲ್ಲಿ ಹೂಗುಚ್ಛ ಕಳಿಸುತ್ತೇವೆ. ಚೆನ್ನಾಗಿರಲಿಲ್ಲ ಎಂದು ಹೇಳಬೇಕಾದರೆ ಕೂತು ಹೇಳಬೇಕು, ಸಮಯ ಬೇಕು, ನಾಳೆಯೂ ಮುಖ ನೋಡುತ್ತೇವೆಂಬ ಭರವಸೆ ಬೇಕು. ಅದಿಲ್ಲದ ಕಡೆ ನಿಜ ಹೇಳಿದರೆ ಅದು ಜಗಳವಾಗಿಯೇ ಕೇಳಿಸುತ್ತದೆ.

ಹಾಗಾಗಿ ಸಮಿತಿಯ ಹಿರಿಯರಿಗೆ ನನ್ನ ಉತ್ತರ ಈಗ ಹೀಗಿದೆ. ಕುರ್ತಕೋಟಿ ನಾಟಕ ವಿಮರ್ಶಕರೇ. ವಿಮರ್ಶಕನ ಕೆಲಸದಲ್ಲಿ ಎರಡು ಪಾಲಿದ್ದರೆ, ಏನು ಬೇಕು ಎಂದು ಹೇಳುವ ಪಾಲನ್ನು ಅವರಷ್ಟು ಪರಿಣಾಮಕಾರಿಯಾಗಿ ಮಾಡಿದವರು ನಮ್ಮಲ್ಲಿ ಕಡಿಮೆ. ಏನು ನಡೆಯಿತು ಎಂದು ತೋರಿಸುವ ಪಾಲನ್ನು ಅವರು ಮಾಡಲಿಲ್ಲ. ಅದು ಮಿಕ್ಕವರಿಗೆ ಉಳಿದ ಕೆಲಸ, ನಾವು ಮಾಡದೆ ಬಿಟ್ಟ ಕೆಲಸ. ಪತ್ರಿಕೆಗಳನ್ನು ಗೇಲಿ ಮಾಡಿದ ಆ ಎರಡು ಪುಟಗಳನ್ನು ಪ್ರಬಂಧದಿಂದ ತೆಗೆದುಹಾಕಿದ್ದೇನೆ. ಆ ಜಾಗದಲ್ಲಿ ನನ್ನದೇ ವಿಮರ್ಶೆಯನ್ನು ಉದಾಹರಣೆಯಾಗಿ ಇಟ್ಟಿದ್ದೇನೆ. ಮಾರ್ಗದರ್ಶಕರು, "ಇದೆಲ್ಲ ಬೇಕೇನಮ್ಮ?" ಎಂದು ಕೇಳಿದ್ದಾರೆ. ಬೇಕು ಎಂದಿದ್ದೇನೆ.

ಹೋದ ತಿಂಗಳು ಅದೇ ಗೆಳತಿಯ ಹೊಸ ನಾಟಕವಿತ್ತು. ಈ ಸಲ ಕತ್ತಲಲ್ಲೇ ಪುಸ್ತಕದಲ್ಲಿ ಗೀಚಿಕೊಂಡೆ. ಯಾರು ಎಲ್ಲಿ ನಿಂತರು, ಹಣತೆ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಜನ ಎಲ್ಲಿ ಕೆಮ್ಮಿದರು, ಎಲ್ಲಿ ಕೆಮ್ಮುವುದನ್ನು ನಿಲ್ಲಿಸಿದರು. ಕೊನೆಯ ದೃಶ್ಯ ಯಾಕೆ ನಿಲ್ಲಲಿಲ್ಲ ಎಂದು ನನಗೆ ತೋಚಿದ್ದನ್ನೂ ಬರೆದೆ. ಪ್ರಕಟಿಸುವ ಮೊದಲು ಅವಳಿಗೆ ಕಳಿಸಿ, "ಓದು, ಆಮೇಲೆ ಮನೆಗೆ ಬಾ, ಜಗಳ ಆಡೋಣ" ಎಂದು ಮೆಸೇಜು ಹಾಕಿದೆ.

ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಸಂಜೆ ಉಲ್ಲಾಳದ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದಳು. ಮುಖದಲ್ಲಿ ನಗೆಯಿರಲಿಲ್ಲ. ಪ್ರಿಂಟ್ ತೆಗೆದ ಹಾಳೆಗಳಲ್ಲಿ ನಾಲ್ಕು ಕಡೆ ಕೆಂಪು ಗೆರೆ ಎಳೆದಿದ್ದಳು. "ಇದನ್ನ ಒಪ್ಪಲ್ಲ ಕಣೇ" ಎಂದು ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು. ನಾನು ಕಾಫಿಗೆ ನೀರಿಟ್ಟೆ.